ಗದ್ಯಭಾಗದ ಗುಂಗು

ಕೆಲವರಿಗೆ ಪದಬಂಧದ ಹುಚ್ಚು, ಕೆಲವರಿಗೆ ಇಸ್ಪೀಟು. ನನಗೆ ಹಳೇ ಪ್ರಶ್ನೆಪತ್ರಿಕೆಗಳಲ್ಲಿನ ಗದ್ಯಭಾಗ. ಅದರಲ್ಲೂ ನವೋದಯ ಪ್ರವೇಶ ಪರೀಕ್ಷೆಯದೆಂದರೆ ಚಹಾ ಆರಿದರೂ ಗೊತ್ತಾಗುವುದಿಲ್ಲ. ಐದನೆಯ ಇಯತ್ತೆಯ ಮಕ್ಕಳು ಕನ್ನಡದಲ್ಲೇ ಬರೆಯಬಹುದಾದ ಪರೀಕ್ಷೆ ಅದು. ಎರಡು ತಾಸು, 80 ಪ್ರಶ್ನೆ. ಭಾಷೆಯ ಪಾಲಿಗೆ ನಾಲ್ಕು ಗದ್ಯಭಾಗ, ಒಂದೊಂದಕ್ಕೆ ಐದು ಪ್ರಶ್ನೆ, ಎಲ್ಲ ಸೇರಿ 25 ಅಂಕ.

ಬೈಲಹೊಂಗಲ, ಸವದತ್ತಿ ಕಡೆ ಮನೆಯಲ್ಲಿ ಐದನೆಯ ಇಯತ್ತೆಯ ಕೂಸಿದ್ದರೆ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಹುಡುಗಿಯಾದರೆ 1969ರಲ್ಲಿ ಶುರುವಾದ ಕಿತ್ತೂರಿನ ಸೈನಿಕ ಶಾಲೆ, ಇವುಗಳದೇ ಮಾತು. ಓಣಿಯ ಮಕ್ಕಳು ನನ್ನ ಕಟ್ಟೆಗೆ ಬರುತ್ತಾರೆ. ಒಬ್ಬ ಕೇಳಿದ: "ಕಾಕಾ, ಉತ್ತರ ಎಲ್ಲಾ ಅಲ್ಲೇ ಬರದಿರ್ತಾರ, ಮತ್ತ ತಪ್ಪು ಹೆಂಗ ಆಗ್ತಾವ್ರಿ?"

ಆಗುವುದು ಹೀಗೆ. ಪ್ರಶ್ನೆಯಲ್ಲಿದ್ದ ಪದವನ್ನು ಗದ್ಯದಲ್ಲಿ ಹುಡುಕಿ, ಅದರ ಪಕ್ಕದಲ್ಲಿದ್ದುದಕ್ಕೆ ಗುರುತು ಹಾಕುತ್ತಾರೆ. ಪ್ರಶ್ನೆ ತೆಗೆಯುವವರಿಗೂ ಅದು ಗೊತ್ತು. ಮೊದಲು ಪ್ರಶ್ನೆ ಓದಿ ಆಮೇಲೆ ಗದ್ಯ ಓದಬೇಕೆನ್ನುವ ಕೋಚಿಂಗ್ ಬುದ್ಧಿವಾದ ನನಗೆ ಒಗ್ಗದಿರುವುದು ಇದಕ್ಕೇ. ಮೊದಲು ಪೆನ್ಸಿಲ್ ಕೆಳಗಿಟ್ಟು ಒಮ್ಮೆ ಓದಬೇಕು. ಪ್ರತಿ ವಾಕ್ಯ ಏನು ಹೇಳುತ್ತದೆ ಅನ್ನುವುದಕ್ಕಿಂತ ಏನು ಮಾಡುತ್ತದೆ ಎಂದು ಕೇಳಿಕೊಳ್ಳಬೇಕು: ಸುದ್ದಿ ತಂದಿತೆ, ಕಾರಣ ಕೊಟ್ಟಿತೆ, ತಕರಾರು ಎತ್ತಿತೆ?

ಇಂಗ್ಲಿಷ್ ಗೈಡುಗಳು 'ಆದರೆ'ಯಂಥ ತಿರುವಿನ ಪದಕ್ಕೆ ಸುತ್ತು ಹಾಕಿ ಅನ್ನುತ್ತವೆ. ಕನ್ನಡದಲ್ಲಿ ಅರ್ಧ ತಿರುವುಗಳು ಕ್ರಿಯಾಪದದ ಬಾಲದಲ್ಲಿ ಅಡಗಿರುತ್ತವೆ. 'ಮಳೆ ಬಂದರೆ', 'ಮಳೆ ಬಂದರೂ': ಕೊನೆಯ ಒಂದು ಸ್ವರಕ್ಕೆ ಇಡೀ ವಾದ ಮಗ್ಗುಲು ಬದಲಿಸುತ್ತದೆ. ಕಾಲವೂ ಅಲ್ಲೇ ಕೂತಿರುತ್ತದೆ. ಕಿತ್ತೂರಿನ ಬಗ್ಗೆ ನಾನೇ ಒಂದು ಗದ್ಯ ಬರೆದೆ. '1824ರ ಅಕ್ಟೋಬರ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆ ಹತನಾದ' ಎಂದು ಶುರು. ಮುಂದಿನ ವಾಕ್ಯದಲ್ಲಿ ದೊರೆ ಶಿವಲಿಂಗರುದ್ರಸರ್ಜ 'ತೀರಿಕೊಂಡಿದ್ದರು', ದತ್ತುಪುತ್ರನನ್ನು ಕಂಪನಿ 'ಒಪ್ಪಿರಲಿಲ್ಲ'. ಆಮೇಲೆ ಡಿಸೆಂಬರಿನಲ್ಲಿ ಕೋಟೆ ಬಿತ್ತು, ರಾಣಿ ಚೆನ್ನಮ್ಮ ಸೆರೆಯಾಗಿ ಬೈಲಹೊಂಗಲಕ್ಕೆ ಬಂದಳು, 1829ರಲ್ಲಿ ಇಲ್ಲೇ ತೀರಿಕೊಂಡಳು. ಮೊದಲು ನಡೆದದ್ದು ಯಾವುದು? ಬಹಳ ಮಕ್ಕಳು ಥ್ಯಾಕರೆಯನ್ನೇ ಹಿಡಿದರು. ಮೊದಲು ಬರೆದದ್ದೇ ಮೊದಲು ನಡೆದದ್ದು ಅನ್ನುವ ನಂಬಿಕೆ ದೊಡ್ಡವರಲ್ಲೂ ಇದೆ, ಪೇಪರು ಓದುವಾಗ ನೋಡಿ.

ಕಾರಣ-ಪರಿಣಾಮದ ಗದ್ಯಕ್ಕೆ ಮಲಪ್ರಭೆಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಮಳೆ ಸುರಿಯುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ, ನೀರು ತುಂಬುವುದು ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿನಲ್ಲಿ, ಹೊಳೆ ಊರೊಳಗೆ ನುಗ್ಗುವುದು ಕೆಳಗಿನ ರಾಮದುರ್ಗದಲ್ಲಿ. 2019ರ ಆಗಸ್ಟಿನಲ್ಲಿ ಆದದ್ದು ಅದೇ. 'ರಾಮದುರ್ಗದಲ್ಲಿ ನೆರೆ ಬರಲು ಕಾರಣ?' ಎಂದು ಕೇಳಿ, 'ರಾಮದುರ್ಗದಲ್ಲಿ ಸುರಿದ ಮಳೆ' ಎಂಬ ಆಯ್ಕೆಯನ್ನು ಮೊದಲಿಗೇ ಇಟ್ಟೆ. ಊರಿನ ಹೆಸರು ಕಂಡದ್ದೇ ತಡ, ಬೈಲಹೊಂಗಲದವರು ಸಾಲಾಗಿ ಬಿದ್ದರು.

ರಜೆಗೆ ರಾಮದುರ್ಗದಿಂದ ಬಂದಿದ್ದ ಹುಡುಗನೊಬ್ಬ ಮಾತ್ರ ಬೀಳಲಿಲ್ಲ. ಸೂಕ್ತ ಶೀರ್ಷಿಕೆ ಆರಿಸುವ ಕೊನೆಯ ಪ್ರಶ್ನೆಗೆ ಬಂದಾಗ 'ಮಳೆಗಾಲ', 'ನಮ್ಮ ನದಿಗಳು', 'ಅಣೆಕಟ್ಟಿನ ಉಪಯೋಗ', 'ಮಲಪ್ರಭೆಯ ನೆರೆ' ನಾಲ್ಕನ್ನೂ ನೋಡಿ ಮುಖ ಸಿಂಡರಿಸಿದ. "ಇವು ಯಾವೂ ಅಲ್ರಿ ಕಾಕಾ. 'ಗೇಟ್ ತಗದ್ರು' ಅಂತ ಇಡ್ರಿ." ಪ್ರಶ್ನೆಪತ್ರಿಕೆ ನನ್ನದೇ ತಾನೆ, ಐದನೆಯ ಆಯ್ಕೆಯಾಗಿ ಅದನ್ನೂ ಸೇರಿಸಿದೆ.