ಒಬ್ಬರ ಹೆಗಲು ಸಾಲದು

ನಮ್ಮ ಕನ್ನಡ ಸಭೆಯವರು ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಚದರಿದ್ದೇವೆ. ಪಾಲಕರು ಮಾತ್ರ ಒಬ್ಬರೇ. ವಾಶಿಯಿಂದ ನಮ್ಮ ಡೊಂಬಿವಲಿಗೆ ಬರಬೇಕಾದರೆ ಠಾಣೆಯಲ್ಲಿ ಗಾಡಿ ಬದಲಿಸಬೇಕು. ಒಂದು ಮಳೆಗಾಲದಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಾಗ ಅವರು ಬರಲಿಲ್ಲ. ನನಗೆ ಸಿಟ್ಟು ಬಂತು. ಅವರೇ ಜ್ವರದಲ್ಲಿ ಮಲಗಿದ್ದರೆಂಬುದು ಆಮೇಲೆ ತಿಳಿಯಿತು.

ಆ ಸಂಜೆ ಕಲ್ಯಾಣದಿಂದ ಇಬ್ಬರು ಸಭಾಹಿರಿಯರು ತೊಯ್ದ ಕೊಡೆಗಳೊಡನೆ ಬಂದು, ಹಾಸಿಗೆಯ ಬಳಿ ಕುಳಿತು ಕನ್ನಡದಲ್ಲಿ ಪ್ರಾರ್ಥಿಸಿದರು. ಕಣ್ಣು ಮಂಜಾಗಿದ್ದ ತಾಯಿ, “ಪಾಲಕರು ಬಂದರೇ?” ಎಂದು ಕೇಳಿದಳು. “ಬಂದರಮ್ಮ” ಎಂದೆ. ಆಗ ಸುಳ್ಳು ಹೇಳಿದೆನೆಂದು ಅಳುಕಿದೆ. ಈಗ ಅದು ನಿಜವೇ ಎನಿಸುತ್ತದೆ.

ಪೌಲ, ಬಾರ್ನಬರು ಪ್ರತಿ ಸಭೆಗೂ ನೇಮಿಸಿದ್ದು ಹಿರಿಯರನ್ನು, ಒಬ್ಬ ಹಿರಿಯನನ್ನಲ್ಲ. 1834ರಲ್ಲಿ ಬಾಸೆಲ್ ಮಿಶನ್ ಕೂಡ ಮಂಗಳೂರಿಗೆ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಜೊತೆಯಾಗಿಯೇ ಕಳುಹಿಸಿತು.

ಹಲವರು ಸೇರಿದಲ್ಲಿ ಮಾತು ಬೆಳೆಯುವುದುಂಟು, ತೀರ್ಮಾನ ತಡವಾಗುವುದುಂಟು. ಆದರೆ ಒಬ್ಬರು ಎಡವಿದರೆ ತಿದ್ದಲು, ದಣಿದರೆ ಕೈಹಿಡಿಯಲು ಇನ್ನೊಬ್ಬರಿರುತ್ತಾರೆ. ಪಾಲಕರಿಗೂ ಒಬ್ಬ ಪಾಲಕ ಬೇಕಲ್ಲವೇ? ಮುಂದಿನ ಸಲ ಹಿರಿಯರ ಆಯ್ಕೆಗೆ ಹೆಸರು ಕೇಳಿದಾಗ ನಾವು ತಲೆತಗ್ಗಿಸಿ ಕೂರದಿರೋಣ.