ಹುಡುಗರ ಎದೆಯ ಗಂಟು

ಬೇಸಿಗೆಯ ಸೆಕೆಯಲ್ಲೂ ಶರ್ಟಿನೊಳಗೆ ಎರಡು ಬನಿಯನ್ ತೊಟ್ಟು, ಸ್ಕೂಲ್ ಬ್ಯಾಗನ್ನು ಎದೆಗೆ ಅವುಚಿಕೊಂಡು ನಡೆಯುವ ಎಂಟನೇ ಕ್ಲಾಸಿನ ಹುಡುಗನನ್ನು ನೋಡಿದ್ದೀರಾ? ಈಜೋಕೆ ಬಾರೋ ಅಂದರೆ ‘ನೆಗಡಿ’ ಅನ್ನುತ್ತಾನೆ. ನೆಗಡಿಯೂ ಇಲ್ಲ, ಗಿಗಡಿಯೂ ಇಲ್ಲ.

ಹದಿಹರೆಯದ ಹುಡುಗರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ 13-14ರ ಆಸುಪಾಸಿನಲ್ಲಿ ಎದೆ ಸ್ವಲ್ಪ ಉಬ್ಬುತ್ತದೆ. ತೊಟ್ಟಿನ ಕೆಳಗೆ ಗುಂಡಿಯಷ್ಟಗಲದ ಗಟ್ಟಿ ಗಂಟು, ಮುಟ್ಟಿದರೆ ನೋವು. ಕೆಲವರಿಗೆ ಒಂದೇ ಕಡೆ. ಡಾಕ್ಟರುಗಳು ಇದನ್ನು ಗೈನಕೊಮಾಸ್ಟಿಯಾ ಅನ್ನುತ್ತಾರೆ. ಗಂಡುಮೈಯಲ್ಲೂ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಇದ್ದೇ ಇರುತ್ತದೆ; ಗಂಡು ಹಾರ್ಮೋನು ಟೆಸ್ಟೋಸ್ಟೆರಾನ್ ಪೂರ್ತಿ ಏರುವ ತನಕ ಎರಡರ ಲೆಕ್ಕ ಸ್ವಲ್ಪ ಏರುಪೇರು, ಅಷ್ಟೆ. ಬಹುತೇಕರಿಗೆ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿಯೇ ಇಳಿಯುತ್ತದೆ. ಬೋಂಡಾ ಬಿಟ್ಟು ದಂಡ ಹೊಡೆದರೆ ಕರಗುವಂಥದ್ದಲ್ಲ. ಅದು ಕೊಬ್ಬಲ್ಲ, ಗ್ರಂಥಿ.

ಎರಡು ವರ್ಷ ದಾಟಿದರೂ ಹಾಗೇ ಇದ್ದರೆ, ಬೇಗ ಬೇಗ ಬೆಳೆದರೆ, ತೊಟ್ಟಿನಿಂದ ದ್ರವ ಸೋರಿದರೆ ಡಾಕ್ಟರಿಗೆ ತೋರಿಸಿ. ಜಿಮ್ಮಿನ ಸ್ಟೆರಾಯ್ಡ್‌ನಿಂದ, ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು.

ಹೆಣ್ಣುಮಕ್ಕಳಿಗೆ ಮೈ ಬದಲಾಗುವ ಬಗ್ಗೆ ಅಮ್ಮನೋ ಅಕ್ಕನೋ ಹೇಳುತ್ತಾರೆ. ಹುಡುಗನಿಗೆ ಸಿಗುವುದು ಬೆಂಚಿನ ಪಕ್ಕದವನ ಗೇಲಿ. ಅಪ್ಪಂದಿರೇ, ಗಡ್ಡ ಹೆರೆಯುವುದನ್ನು ಆಮೇಲೆ ಕಲಿಸಿ, ಮೊದಲು ಇದನ್ನು ಹೇಳಿ.