ಇಡೀ ಹೊಲ ಒಂದೇ ಫೋಟೋದಲ್ಲಿ

"ಎಲ್ಲಾ ಹೊಲ ಒಂದ ಫೋಟೋದಾಗ ಬರ್ಲಿ ಸರ." ಹಾವೇರಿ ಕಡೆ ಮಳೆಗೆ ಗೋವಿನಜೋಳ ಮಲಗಿದಾಗ ರೈತರು ನಮಗೆ ಹೇಳುವ ಮೊದಲ ಮಾತು ಇದು. ನಾವೂ ಬದುವಿನ ಮೇಲೆ ನಿಂತು ಫೋನಿನಲ್ಲಿ ಪನೋರಮಾ ತೆರೆಯುತ್ತೇವೆ.

ತೆಗೆಯೋದು ಕಷ್ಟವಲ್ಲ. ಫೋನನ್ನು ನೆಟ್ಟಗೆ ಹಿಡಿದು, ಮೊಣಕೈ ಮೈಗೆ ಒತ್ತಿಕೊಂಡು, ನಿಂತಲ್ಲೇ ನಿಧಾನ ತಿರುಗಬೇಕು. ಕೈ ಚಾಚಿ ಬೀಸಿದರೆ ಹತ್ತಿರದ ಬೇಲಿಗೂಟ ಎರಡು ತುಂಡಾಗಿ ಕಾಣುತ್ತದೆ. ಹಲವು ಫೋನುಗಳು ಶುರುವಿನ ಬೆಳಕಿನ ಲೆಕ್ಕವನ್ನೇ ಕೊನೆವರೆಗೂ ಹಿಡಿಯುತ್ತವೆ. ಸೂರ್ಯನ ಕಡೆಯಿಂದ ಶುರುಮಾಡಿದರೆ ಉಳಿದದ್ದೆಲ್ಲ ಕಪ್ಪು.

ಆದರೆ ಇದು ಒಂದು ಕ್ಷಣದ ಫೋಟೋ ಅಲ್ಲ. ನಾವು ತಿರುಗುವಷ್ಟು ಹೊತ್ತು ಫೋನು ಪಟ್ಟಿ ಪಟ್ಟಿಯಾಗಿ ಚಿತ್ರ ತೆಗೆದು ಕೌದಿಯಂತೆ ಹೊಲಿಯುತ್ತದೆ. ನಡುವೆ ಎತ್ತು ಹೆಜ್ಜೆ ಇಟ್ಟರೆ ಅದಕ್ಕೆ ಆರು ಕಾಲು! 1904ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಸರ್ಕಟ್ ಕ್ಯಾಮೆರಾವೂ ಹೀಗೇ ತಿರುಗುತ್ತಾ ಫೋಟೋ ತೆಗೆಯುತ್ತಿತ್ತು. ಅಂಥ ಕ್ಯಾಮೆರಾದ ಮುಂದೆ ಗ್ರೂಪ್ ಫೋಟೋಗೆ ನಿಂತ ತುಂಟ ಹುಡುಗ ಹಿಂದಿನಿಂದ ಓಡಿಹೋಗಿ ಇನ್ನೊಂದು ತುದಿಯಲ್ಲೂ ನಿಂತರೆ ಎರಡು ಸಲ ಬರುತ್ತಿದ್ದ.

ಶಾಲೆಯಲ್ಲಿ ಅದು ತಮಾಷೆ. ಹೊಲದಲ್ಲಿ ಪರಿಹಾರದ ಪ್ರಶ್ನೆ. ಪನೋರಮಾದಲ್ಲಿ ನೇರ ಬದು ಬಿಲ್ಲಿನಂತೆ ಬಾಗುತ್ತದೆ, ದೂರದ ಬೆಳೆ ಮಲಗಿದೆಯೋ ನಿಂತಿದೆಯೋ ತಿಳಿಯೋದಿಲ್ಲ. "ಇದು ಎಡಿಟ್ ಮಾಡಿದ್ದು" ಅಂತ ಯಾರಾದರೂ ತಳ್ಳಿಹಾಕಿದರೆ ರೈತ ಏನು ಉತ್ತರ ಕೊಡಬೇಕು? ಇನ್ನು ಪತ್ರಿಕೆಯಲ್ಲಿ ಎರಡು ಕಾಲಂಗೆ ಇಳಿಸಿದರೆ ಪನೋರಮಾ ಲಂಗೋಟಿಯಷ್ಟೇ. ನಮ್ಮ ಒಂದು ಫೋಟೋದಲ್ಲಿ ತುದಿಗೆ ನಿಂತಿದ್ದ ರೈತನನ್ನೇ ಡೆಸ್ಕಿನವರು ಕತ್ತರಿಸಿದ್ದರು.

ಅದಕ್ಕೇ ಈಗ ಪನೋರಮಾ ಒಂದು ಸಾಕು ಅನ್ನುತ್ತೇವೆ. ಉಳಿದದ್ದು ಸಾದಾ ಫೋಟೋ: ನಾಲ್ಕು ಮೂಲೆಯಿಂದ, ಸರ್ವೆ ಕಲ್ಲು ಕಾಣುವಂತೆ, ಮುರಿದ ದಂಟಿನ ಹತ್ತಿರ ಹೋಗಿ. ತಾರೀಖು, ಜಾಗ ಮೂಡುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು. ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಕುಗ್ಗೋದಿಲ್ಲ. ಫಸಲ್ ಬಿಮಾದಲ್ಲಿ ಆಲಿಕಲ್ಲು ಮಳೆಯಂಥ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು; ಪತ್ರಿಕೆಯವರು ಬರಲಿ ಅಂತ ದಯವಿಟ್ಟು ಕಾಯಬೇಡಿ.

ಪನೋರಮಾ ನಿಜಕ್ಕೂ ಒಪ್ಪುವುದು ಕೆರೆಗೆ. ಕೆರೆ ಓಡಾಡೋದಿಲ್ಲ. ನಮ್ಮೂರ ಕೆರೆಯ ಏರಿ ಮೇಲೆ, ತೂಬಿನ ಅದೇ ಕಲ್ಲಿನ ಹತ್ತಿರ ನಿಂತು ಪ್ರತಿ ಏಪ್ರಿಲ್‌ನಲ್ಲಿ ಒಂದು ತೆಗೆಯುತ್ತೇವೆ. ಮೊದಲೆರಡು ವರ್ಷದ ಫೋಟೋ ಒಂದೇ ಥರ ಇವೆ. ಮೂರನೆಯದರಲ್ಲಿ ಎಡತುದಿಗೆ, ಕೆರೆಯಂಗಳದೊಳಗೆ, ಹೊಸ ಬದು ಎದ್ದಿದೆ. ಯಾರದು ಅಂತ ಕೇಳಿದರೆ ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕೆರೆಯ ಸರ್ವೆ ನಕ್ಷೆಗೆ ಅರ್ಜಿ ಹಾಕಿದ್ದೇವೆ.